ಕದ್ದ ಕಡ್ಲೇಕಾಯಿ

ದಲಿತನನ್ನ ಕಳ್ಳ, ಕುಡುಕ ಅಂತ ಬರೀಬ್ಯಾಡಿ, ಚಳುವಳಿಗೆ ಕೆಟ್ಟ ಹೆಸರು ಅಂತಾರೆ ನಮ್ಮವರೇ ಕೆಲವರು. ಹಂಗಾದ್ರೆ ದೇವನೂರ ಮಹಾದೇವರ ‘ಒಡಲಾಳ’ವನ್ನ ಏನು ಮಾಡೋಣ? ಕಳೆದ ಹುಂಜಕ್ಕಾಗಿ ಅಲೆಯೋ ಸಾಕವ್ವನ ಮನೇಲೇ ರಾತ್ರಿ ಕದ್ದ ಕಡ್ಲೇಕಾಯಿ ಮೂಟೆ ಬಿಚ್ಚುತ್ತೆ. ಮನೆಮಂದಿಯೆಲ್ಲ ಸುತ್ತ ಕೂತು ತಿಂತಾರೆ. ಸಿಪ್ಪೆಯೂ ಉಳಿಯೋದಿಲ್ಲ, ಬೆಂಕಿಗೆ ಹೋಗುತ್ತೆ. ಹಸಿವಿನ ಬಗ್ಗೆ ಇದಕ್ಕಿಂತ ದೊಡ್ಡ ಭಾಷಣ ನಾನಂತೂ ಕೇಳಿಲ್ಲ (ಭಾಷಣಗಳನ್ನೇನೋ ಬೇಕಾದಷ್ಟು ಕೇಳಿದೀನಿ). ಪೊಲೀಸರು ಹುಡುಕಿಕೊಂಡು ಬಂದಾಗ ಓದೋನೂ ಉಸಿರು ಬಿಗಿಹಿಡಿದು ಕಳ್ಳರ ಕಡೆಗೇ ನಿಲ್ತಾನೆ. ಸಾಕವ್ವನ್ನ ತೊಳೆದು, ಪಟ ಮಾಡಿ ಗೋಡೆಗೆ ಹಾಕಿದ್ರೆ ಉಳಿಯೋದು ಊದುಬತ್ತಿ ಹೊಗೆ. ಮನುಷ್ಯರನ್ನ ದೇವರು ಮಾಡೋ ಕಸುಬು ಪುರಾಣದವರದು, ಅವರಿಗೇ ಇರಲಿ. ಸಚ್ಚಾರಿತ್ರ್ಯದ ಸರ್ಟಿಫಿಕೇಟು ತಂದವನಿಗೆ ಮಾತ್ರ ಕತೆಯಲ್ಲಿ ಜಾಗ ಅನ್ನೋ ಶರತ್ತು ಹಾಕಿದವರು ಯಾರು? ಮೂಟೆ ಕದ್ದೋರು ಯಾರು ಅಂತ ಕೇಳೋ ಗೆಳೆಯರೇ, ಅದನ್ನ ಬೆಳೆದೋರು ಯಾರು ಅಂತಲೂ ಕೇಳಿ.