ಬೋಲ್ಡ್ ಅಂದರೆ ಏನ್ರಿ?

"ಹುಡುಗಿ ಛಲೋ ಅದಾಳ, ಖರೆ ಜರಾ ಬೋಲ್ಡ್." ಭಾಲ್ಕಿ, ಔರಾದ ಕಡೆ ಸಂಬಂಧ ಕೈಬಿಡಲು ಇಷ್ಟು ಮಾತು ಸಾಕು. ಬೈಗುಳವೆಂದು ಜಗಳಕ್ಕೆ ನಿಲ್ಲುವಂತಿಲ್ಲ, ಹೊಗಳಿಕೆಯೆಂದು ನಗುವಂತಿಲ್ಲ. ಇಂಗ್ಲಿಷಿನಲ್ಲಿ ಈ ಪದಕ್ಕೆ ಧೈರ್ಯವಂತ ಎಂಬುದು ಮೊದಲ ಅರ್ಥ. ನಾಚಿಕೆಗೆಟ್ಟ ಎಂಬ ಹಳೆಯ ಅರ್ಥವೂ ಇದೆ. ಹೆಣ್ಣಿನ ಮಾತು ಬಂದಾಗ ನಮ್ಮವರು ಆರಿಸಿಕೊಳ್ಳುವುದು ಎರಡನೆಯದನ್ನು.

ಇಂಗ್ಲಿಷನ್ನಷ್ಟೇ ದೂರಿ ಫಲವಿಲ್ಲ. ಸಂಸ್ಕೃತದ 'ಧೃಷ್ಟ' ನಮ್ಮ ಬೀದರ ಸೀಮೆಯಲ್ಲಿ ಮೂರು ಮನೆ ಹೊಕ್ಕಿದೆ. ಕನ್ನಡದ 'ದಿಟ್ಟ', ಮರಾಠಿಯ 'ಧೀಟ' ಬಹುಮಟ್ಟಿಗೆ ಮೆಚ್ಚುಗೆಯ ಮಾತು. ಉರ್ದುವಿನ 'ಢೀಟ್' ಬೈಗುಳ. ಅಲಂಕಾರಶಾಸ್ತ್ರದವರು ತಪ್ಪಿನಲ್ಲಿ ಸಿಕ್ಕಿಬಿದ್ದರೂ ನಾಚದ ಗಂಡಸನ್ನು 'ಧೃಷ್ಟ ನಾಯಕ' ಎಂದರು. ಹಾಗಿದ್ದೂ ಅವನು ನಾಯಕನೇ!

ಔರಾದದಿಂದ ಬೀದರಕ್ಕೆ ಕಾಲೇಜಿಗೆ ಹೋಗುವ ಹುಡುಗಿ ಬಸ್ಸಿನಲ್ಲಿ ಮೈಮೇಲೆ ಬೀಳುವವನಿಗೆ "ಸರಿದು ನಿಲ್ಲು" ಅಂದರೆ ಬೋಲ್ಡ್. ಬಿದ್ದವನಿಗೆ ಯಾವ ಹೆಸರೂ ಇಲ್ಲ. 12ನೇ ಶತಮಾನದಲ್ಲಿ ಅರಮನೆ ತೊರೆದು, ಇದೇ ಜಿಲ್ಲೆಯ ಕಲ್ಯಾಣಕ್ಕೆ ಒಬ್ಬಳೇ ನಡೆದು ಬಂದ ಅಕ್ಕಮಹಾದೇವಿಗೆ ಕೈಮುಗಿಯುವ ಮನೆಗಳಲ್ಲೇ ಈ ಲೆಕ್ಕ ನಡೆದಿದೆ.

ತಾಯಂದಿರೇ, ಮುಂದೆ ಯಾರಾದರೂ ಹಾಗಂದರೆ ತಲೆ ತಗ್ಗಿಸಬೇಡಿ. "ಹೌದ್ರಿ, ನಮ್ಮ ಮಗಳು ದಿಟ್ಟೆ" ಎಂದು ಕನ್ನಡದಲ್ಲೇ ಹೇಳಿ. ಅಂಥವಳು ಬೇಡವೆನ್ನುವ ಮನೆ ನಮಗೂ ಬೇಡ.