ಖಾಲಿ ಕುರ್ಚಿಗೆ ಹೊಣೆ ಯಾರು?



ದೀಪಾವಳಿ ಸಮೀಪಿಸಿದರೆ ಲಂಡನ್ನಿನ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಮಾತು: ಯಾರದೋ ಮನೆಯ ಹಿಂಬಾಗಿಲು ಮುರಿದರು, ತವರಿನ ಬಂಗಾರ ಹೋಯಿತು, ಪೊಲೀಸರು ಏನೂ ಮಾಡುವುದಿಲ್ಲ. ಆ ಪೊಲೀಸರನ್ನೇ ಎದುರಿಗೆ ಕೂರಿಸಿಕೊಂಡು ಪ್ರಶ್ನಿಸಲು ವಾರ್ಡ್ ಸಮಿತಿಯೆಂಬ ವ್ಯವಸ್ಥೆಯಿದೆ. ಸ್ಥಳೀಯ ಪೊಲೀಸ್ ತಂಡದ ಆದ್ಯತೆಗಳನ್ನು, ಸಾಮಾನ್ಯವಾಗಿ ಮೂರನ್ನು, ಅಲ್ಲಿ ನಿವಾಸಿಗಳೇ ಸೂಚಿಸುತ್ತಾರೆ. ಬಂದು ಕುಳಿತವರ ಅಳಲು ಆದ್ಯತೆಯಾಗುತ್ತದೆ. ಬಾರದವರದು ಗೊಣಗಾಟವಾಗಿಯೇ ಉಳಿಯುತ್ತದೆ.

ಈ ಅವಕಾಶ ಯಾರ ಔದಾರ್ಯದಿಂದಲೂ ಬಂದುದಲ್ಲ. 1998ರ ಅಪರಾಧ ಮತ್ತು ಅವ್ಯವಸ್ಥೆ ಕಾಯಿದೆಯು ಪೊಲೀಸರೂ ಕೌನ್ಸಿಲುಗಳೂ ಒಟ್ಟಾಗಿ ಸ್ಥಳೀಯ ಸುರಕ್ಷತೆಯ ಹೊಣೆ ಹೊರಬೇಕೆಂದು ವಿಧಿಸಿತು. 1993ರಲ್ಲಿ ಹತನಾದ ತರುಣ ಸ್ಟೀಫನ್ ಲಾರೆನ್ಸನ ತಂದೆತಾಯಿಗಳು ವರ್ಷಗಟ್ಟಲೆ ಹೋರಾಡಿದರು. ಅದರ ಫಲವಾಗಿ 1999ರಲ್ಲಿ ಹೊರಬಂದ ಮ್ಯಾಕ್‌ಫರ್ಸನ್ ವರದಿಯು ಮೆಟ್ರೊಪಾಲಿಟನ್ ಪೊಲೀಸರಲ್ಲಿ ಸಾಂಸ್ಥಿಕ ಜನಾಂಗಭೇದವಿದೆಯೆಂದು ನುಡಿದು 70 ಶಿಫಾರಸುಗಳನ್ನು ಮುಂದಿಟ್ಟಿತು. ಒಂದು ಕಪ್ಪು ಕುಟುಂಬವು ಮಗನನ್ನು ಕಳೆದುಕೊಂಡು ತೆರೆಸಿದ ಬಾಗಿಲಿನ ಹೊರಗೆ ನಿಂತು ಗೊಣಗಲು ನಮಗೆ ಯಾವ ಹಕ್ಕಿದೆ?

ಹೇಳಿಕೊಳ್ಳದ ನೋವಿಗೆ ಮದ್ದು ಬರೆಯಲಾಗದೆಂಬುದನ್ನು ವೈದ್ಯರಾದ ನಾವು ಚೆನ್ನಾಗಿ ಬಲ್ಲೆವು. ಬಸ್ ನಿಲ್ದಾಣದಲ್ಲಿ ಮಗಳು ಕೇಳಿದ ಜನಾಂಗೀಯ ಬೈಗುಳವನ್ನು "ಹೋಗಲಿ ಬಿಡಮ್ಮಾ" ಎಂದು ನುಂಗಿಸಿ, 101ಕ್ಕೆ ಒಂದು ಕರೆಯನ್ನೂ ಮಾಡದಿದ್ದರೆ ಕಡತದಲ್ಲಿ ನಮ್ಮ ಬೀದಿ ಪ್ರಶಾಂತವಾಗಿಯೇ ಇರುತ್ತದೆ. ಪ್ರಶಾಂತ ಬೀದಿಗೆ ಗಸ್ತು ಏತಕ್ಕೆ?

"ಪರದೇಶದಲ್ಲಿ ನಮಗೇಕೆ ಈ ಉಸಾಬರಿ?" ಎನ್ನುವವರಿದ್ದಾರೆ. ಕೌನ್ಸಿಲ್ ತೆರಿಗೆ ಕಟ್ಟುವವರು ಯಾರ ಮನೆಯ ಅತಿಥಿಗಳೂ ಅಲ್ಲ. "ಪೊಲೀಸರ ಬಾಲಬಡುಕರಾಗುತ್ತೇವೆ" ಎನ್ನುವವರೂ ಇದ್ದಾರೆ. ಪ್ರತಿನಿಧಿಯ ಕೆಲಸವೇ ಪೊಲೀಸರಿಂದ ಲೆಕ್ಕ ಕೇಳುವುದು. ನಮ್ಮ ಬಂಗಾರದ ಜೊತೆಗೆ, ನೆರೆಯ ಕಪ್ಪು ಹುಡುಗರನ್ನೇ ಹೆಚ್ಚಾಗಿ ತಡೆದು ಜೇಬು ತಪಾಸಿಸುವುದೇಕೆಂದೂ ಅವರು ಕೇಳಬೇಕು. ಸ್ವಂತ ತಿಜೋರಿಯಷ್ಟನ್ನೇ ಕಾಯುವ ಪ್ರತಿನಿಧಿಯ ಮಾತಿಗೆ ಆ ಸಭೆಯಲ್ಲಿ ಬೆಲೆಯಿರದು.

ಇನ್ನು ಕೆಲವರಿಗೆ ಈ ಸ್ಥಾನ ಶಾಲು ಹೊದೆಸಿಕೊಳ್ಳುವ ಇನ್ನೊಂದು ನೆಪ. ಅಧಿಕಾರಿಯೊಡನೆ ಚಿತ್ರ ತೆಗೆಸಿಕೊಂಡು ಮುಂದಿನ ಸಭೆಗೆ ಕಾಣೆಯಾಗುವ ಪ್ರತಿನಿಧಿಗಿಂತ ಖಾಲಿ ಕುರ್ಚಿಯೇ ಪ್ರಾಮಾಣಿಕ.

ಥೇಮ್ಸ್ ದಂಡೆಯಲ್ಲಿ 2015ರಿಂದ ಬಸವಣ್ಣನವರ ಪ್ರತಿಮೆಯಿದೆ. ಅಲ್ಲಿ ಹಾರ ಹಾಕಿ, ಎಲ್ಲ ಕಾಯಕದವರೂ ಸಮಸಮವಾಗಿ ಕುಳಿತು ಚರ್ಚಿಸಿದ ಅನುಭವ ಮಂಟಪವನ್ನು ಕೊಂಡಾಡುತ್ತೇವೆ. ಹಾಗೆ ಕೊಂಡಾಡುವವರು ತಮ್ಮ ವಾರ್ಡಿನ ಸಭೆಗೆ ಬೆನ್ನು ತೋರಿಸಿದರೆ ಆ ಹಾರಕ್ಕೆ ಏನರ್ಥ?

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟ. ಮುಂದಿನ ವಾರ್ಷಿಕ ಮಹಾಸಭೆಯು ಪ್ರತಿ ಬಡಾವಣೆಗೆ ಇಬ್ಬರನ್ನು ಆರಿಸಲಿ. ಒಬ್ಬರು ಮಹಿಳೆ, ಒಬ್ಬರು 25ರೊಳಗಿನವರು. ಅವಧಿ ಎರಡು ವರ್ಷ. ಪ್ರತಿ ಸಭೆಯ ತರುವಾಯ ಏನು ಕೇಳಿದೆವು, ಏನು ಉತ್ತರ ಬಂದಿತು ಎಂಬ ಅರ್ಧ ಪುಟದ ವರದಿ ಇದೇ ವಾರ್ತಾಪತ್ರದಲ್ಲಿ ಪ್ರಕಟವಾಗಲಿ. ಸತತ ಎರಡು ಸಭೆ ತಪ್ಪಿಸಿದವರು ಸ್ಥಾನ ಬಿಟ್ಟುಕೊಡಲಿ.