ಮುಂಬಯಿಯ ಗಾಳಿಗೆ ದಾರಿ

ಮುಂಬಯಿಯ ಹೊಗೆ ಧೂಳುಗಳನ್ನು ಕಡಲ ಗಾಳಿಯೇ ಗುಡಿಸಿಬಿಡುತ್ತದೆಂಬ ನಂಬಿಕೆಯು ಜನರಲ್ಲಿಯೂ ಅಧಿಕಾರಿವರ್ಗದಲ್ಲಿಯೂ ಬಹುಕಾಲದಿಂದ ಬೇರೂರಿತ್ತು. ದಿಲ್ಲಿಯ ಚಳಿಗಾಲದ ಮಬ್ಬಿಗೆ ಮುಂಬಯಿಯವರು ಮರುಗುತ್ತಿದ್ದರೇ ಹೊರತು ತಮಗೂ ಅದು ಒದಗೀತೆಂದು ಎಣಿಸಿರಲಿಲ್ಲ. 2023ನೆಯ ಅಕ್ಟೋಬರಿನಲ್ಲಿ ಆ ನಗರದ ವಾಯುವು ಎಷ್ಟು ಕೆಟ್ಟಿತೆಂದರೆ ಮುಂಬಯಿಯ ಹೈಕೋರ್ಟು ತಾನಾಗಿಯೇ ವಿಚಾರಣೆಯನ್ನು ಕೈಗೊಳ್ಳಬೇಕಾಯಿತು.

ಗಾಳಿಗೂ ಕಾಲನಿಯಮವುಂಟು. ಹಗಲಿನಲ್ಲಿ ನೆಲವು ಕಡಲಿಗಿಂತ ಬೇಗ ಕಾಯುವುದು. ಕಾದ ವಾಯುವು ಮೇಲೇರಲು, ಆ ಸ್ಥಳವನ್ನು ತುಂಬುವುದಕ್ಕೆ ಅರಬ್ಬೀ ಸಮುದ್ರದ ತಂಗಾಳಿಯು ಒಳಬರುವುದು. ರಾತ್ರಿ ಈ ವ್ಯವಹಾರವು ತಿರುಗುಮುರುಗು. ಮಳೆಗಾಲದ ನೈರುತ್ಯ ಮಾರುತದ ಮುಂದೆ ಹೊಗೆಯ ಆಟವು ನಡೆಯದು. ಅದು ಹಿಂದೆಗೆದ ಮೇಲೆ ಗತಿಯೇ ಬೇರೆ. ಚಳಿಗಾಲದ ಇರುಳು ನೆಲಕ್ಕಂಟಿದ ವಾಯುವು ತಣಿದು ಭಾರವಾಗಲು, ಅದರ ಮೇಲೆ ಬೆಚ್ಚಗಿನ ವಾಯುವು ಮುಚ್ಚಳದಂತೆ ಕುಳಿತುಬಿಡುತ್ತದೆ. ಬಿಸಿಲಿನಲ್ಲಿ ಧೂಳನ್ನು ಎತ್ತರಕ್ಕೆ ಒಯ್ದು ಚೆದರಿಸುವ ಸುಳಿಗಳು ಆಗ ಅಡಗುತ್ತವೆ. ಬೆಳಿಗ್ಗೆ ಕಡಲ ಗಾಳಿಯು ತಡವಾದಷ್ಟೂ ಇರುಳಿನ ಹೊಗೆಯು ಬೀದಿಯಲ್ಲಿಯೇ ಉಳಿಯುವುದು. ರಾತ್ರಿ ಸಮುದ್ರದ ಕಡೆಗೆ ಹೋದ ಹೊಗೆಯು ಮರುದಿನ ಮಧ್ಯಾಹ್ನದ ಗಾಳಿಯೊಡನೆ ಮರಳುವುದೂ ಉಂಟು. ಗುಡಿಸಿದ ಕಸವನ್ನೇ ಮತ್ತೆ ಮನೆಯೊಳಗೆ ಸುರಿದಂತೆ!

ಇಂಥ ಮಂದ ಗಾಳಿಗೆ ಕಡಲ ದಂಡೆಯ ಉನ್ನತ ಸೌಧಗಳು ಅಡ್ಡಗೋಡೆಯಾಗಿ ನಿಂತಿವೆ. ಗಾಳಿಯು ಅವುಗಳ ನೆತ್ತಿಯ ಮೇಲಿಂದ ಹಾರಿಹೋದರೆ, ಹಿಂದಿನ ಇಕ್ಕಟ್ಟಾದ ಬೀದಿಗಳಲ್ಲಿ ಒಂದು ಸುಳಿಯು ವಾಹನಗಳ ಹೊಗೆಯನ್ನೇ ತಿರುತಿರುಗಿ ಸುತ್ತಿಸುತ್ತಿರುತ್ತದೆ. ಸಮುದ್ರದ ಕಿಟಕಿಗೆ ಬೆಲೆ ತೆತ್ತವನಿಗೆ ಗಾಳಿ. ಹಿಂದಿನ ಚಾಳಿನಲ್ಲಿ ಬಾಡಿಗೆಗಿರುವ ಗುಮಾಸ್ತನಿಗೆ ಹೊಗೆ. ಇದು ಯಾವ ನ್ಯಾಯ?

ಮಹಾನಗರಪಾಲಿಕೆಯು ಸುಮ್ಮನಿರಲಿಲ್ಲವೆಂಬುದನ್ನು ಒಪ್ಪತಕ್ಕದ್ದೇ. ದೊಡ್ಡ ಕಟ್ಟಡಗಳ ಕೆಲಸ ನಡೆಯುವಲ್ಲಿ 35 ಅಡಿಯ ತಗಡಿನ ಮರೆ, ನೀರಿನ ಸಿಂಪಣೆ ಮುಂತಾದ ನಿಯಮಗಳನ್ನು ಅದು 2023ರ ಅಕ್ಟೋಬರಿನಲ್ಲಿಯೇ ವಿಧಿಸಿತು. ಆದರೆ ತಗಡು ಧೂಳನ್ನು ತಡೆದೀತಲ್ಲದೆ, ಕಟ್ಟಡವು ತಡೆದ ಗಾಳಿಯನ್ನು ಬಿಡಿಸಿಕೊಡಲಾರದು. ಈ ವಿಷಯದಲ್ಲಿ ಹಾಂಗಕಾಂಗಿನ ದೃಷ್ಟಾಂತವನ್ನು ನೋಡಬೇಕು. ಅದೂ ಕಡಲ ನಗರ, ಅಲ್ಲಿಯೂ ಸೌಧಗಳ ಗೋಡೆ. 2003ರ ಸಾರ್ಸ್ ಜಾಡ್ಯದ ತರುವಾಯ ಎಚ್ಚೆತ್ತ ಅಲ್ಲಿಯ ಸರಕಾರವು, ತನ್ನ ದೊಡ್ಡ ಯೋಜನೆಗಳಿಂದ ಗಾಳಿಯ ಸಂಚಾರಕ್ಕೆ ಬಾಧೆಯಾದೀತೇ ಎಂದು ಮೊದಲೇ ಪರೀಕ್ಷಿಸುವ ಕ್ರಮವನ್ನು 2006ರಲ್ಲಿ ಜಾರಿಗೆ ತಂದಿತು.

ಮುಂಬಯಿಯಲ್ಲಿ ಖಾಸಗಿಯವರಿಗೂ ಈ ಪರೀಕ್ಷೆಯು ಕಡ್ಡಾಯವಾಗಬೇಕೆಂಬುದು ನಮ್ಮ ಅಭಿಪ್ರಾಯ. ದಂಡೆಯ ಮೇಲೆ ಸೌಧವೆಬ್ಬಿಸಲು ಪರವಾನಗಿ ಬೇಡುವವನು ಹಿಂದಿನ ಬೀದಿಗಳ ಗಾಳಿಯ ಲೆಕ್ಕವನ್ನೂ ಒಪ್ಪಿಸಲಿ. ಚಳಿಗಾಲದ ಬೆಳಿಗ್ಗೆ ಧೂಳೆಬ್ಬಿಸುವ ಕೆಲಸಗಳನ್ನು ಕಡಲ ಗಾಳಿಯು ಏಳುವವರೆಗೆ ನಿಲ್ಲಿಸತಕ್ಕದ್ದು. ಗಾಳಿಯ ವೇಳೆಯನ್ನು ತಿಳಿಯಲು ಹೊಸ ಸಮಿತಿಯೇನೂ ಬೇಕಿಲ್ಲ; ಕೊಲಾಬಾದಲ್ಲಿ ಹವೆಯ ಅವಲೋಕನವು 19ನೆಯ ಶತಮಾನದಿಂದ ನಡೆದುಬಂದಿದೆ.